ಸಕ್ಕರೆ ಕಾಯಿಲೆಯ ಪುಡಿ ಮತ್ತು ನಮ್ಮ ಅತ್ತೆ

ಗೆಳೆಯರೇ, ಹಾವೇರಿ ಕಡೆಯ ಹಳ್ಳಿಯಿಂದ ಬಂದಿರುವ ಸೋದರತ್ತೆಯನ್ನು ಇವತ್ತು ಬೆಂಗಳೂರಿನ ಬಿಟಿಎಂ ಬಡಾವಣೆಯ ಸೈಬರ್ ಕೆಫೆಗೆ ಕರೆದೊಯ್ದಿದ್ದೆ. ಅವರಿಗೆ ಸಕ್ಕರೆ ಕಾಯಿಲೆ. ‘ಮಾತ್ರೆ ಬಿಡಿ, ಈ ಪುಡಿ ಸಾಕು’ ಎಂದಿದ್ದ ವೆಬ್‌ಸೈಟನ್ನು ಖುಷಿಯಿಂದ ಓದಿ ಹೇಳಿದೆ.

“ಇದನ್ನ ಬರದಾಂವ ಯಾರು?”

“ಪುಡಿ ಕಂಪನಿಯವ್ರು, ಅತ್ತಿ.”

“ಎತ್ತು ಮಾರಾಂವನ್ನ ಎತ್ತು ಹೆಂಗೈತಿ ಅಂತ ಕೇಳ್ತಾರೇನೋ? ಹೊಲದಾಗ ಹೂಡಿದಾಂವನ್ನ ಕೇಳಬೇಕು. ಪುಡಿ ಮಾರದ ಬ್ಯಾರೆ ಮಂದಿ ಏನ್ ಬರದಾರ, ಅದನ್ನ ಓದು.”

ಹುಡುಕಿದೆ. ಡಾಕ್ಟರನ್ನು ಕೇಳದೆ ಮಾತ್ರೆ ನಿಲ್ಲಿಸಬೇಡಿ ಎಂದು ಆಸ್ಪತ್ರೆಯೊಂದರ ಪುಟದಲ್ಲಿತ್ತು. ಅತ್ತೆ ಅಲ್ಲೇ ನೀರು ಕೇಳಿ ಮಧ್ಯಾಹ್ನದ ಮಾತ್ರೆ ನುಂಗಿದರು. ಎಷ್ಟು ಹೆಮ್ಮೆಯಾಯಿತೆಂದರೆ!

ಪಕ್ಕದ ಕಂಪ್ಯೂಟರಿನಲ್ಲಿ ಮದುವೆಗೆ ಹೆಣ್ಣು ಹುಡುಕುತ್ತಿದ್ದವನು ತನ್ನ ಪರದೆಯನ್ನು ಇತ್ತ ತಿರುಗಿಸಿದ. “ಆಂಟಿ, ಈ ಹುಡುಗಿ ಬಗ್ಗೆ ಬರೆದಿರೋದನ್ನೂ ಒಂಚೂರು ನೋಡಿ.”

“ಬರದಾಂವ ಹುಡುಗಿ ಅಪ್ಪ ಅಲ್ಲೇನಪಾ?” ಎಂದರು ಅತ್ತೆ.

ಆ ಸಂಬಂಧ ಸೈಬರ್ ಕೆಫೆಯಲ್ಲೇ ಮುರಿದುಬಿತ್ತು.