ವಾಡೆಯ ಬಚ್ಚಲಿಗೆ ಬಾಗಿಲು

ಆಗ ನನಗೆ ಐವತ್ತೊಂಬತ್ತು, ಇಲ್ಲವೆ ಅರವತ್ತೊಂದು. ಆಧಾರ್ ಕಾರ್ಡಿನಲ್ಲಿ ಒಂದಿದೆ, ರೇಶನ್ ಕಾರ್ಡಿನಲ್ಲಿ ಇನ್ನೊಂದಿದೆ, ನನ್ನ ತಾಯಿ ಹೇಳುತ್ತಿದ್ದದ್ದು ಮೂರನೆಯದು. ಇದೆಲ್ಲ ಆಗಿ ಆರು ವರ್ಷವಾಯಿತು. ನಾನು ಓದಿದ್ದು ಮೂರನೇ ಇಯತ್ತೆಯವರೆಗೆ, ಅದೂ ಮಳೆಗಾಲ ಬಿಟ್ಟು. ಹಾಗಾಗಿ ಸಿಂಗಾರ ಮಾಡಿ ಬರೆಯಲು ಬರುವುದಿಲ್ಲ. ಆದದ್ದನ್ನು ಆದ ಹಾಗೆ ಬರೆಯುತ್ತೇನೆ.

ನಮ್ಮ ಮನೆಯವರು ಜೇವರ್ಗಿ ಕಡೆಯ ಶಾಲೆಗಳಲ್ಲಿ ಡ್ರಾಯಿಂಗ್ ಮಾಸ್ತರರಾಗಿದ್ದವರು. ರಿಟೈರಾದ ಮೇಲೆ ಕೆಲವರು ಮಠ ಹಿಡಿಯುತ್ತಾರೆ, ಕೆಲವರು ಇಸ್ಪೀಟು ಹಿಡಿಯುತ್ತಾರೆ. ಇವರು ಗರಗಸ ಹಿಡಿದರು. ಕಲಬುರಗಿಗೆ ಹೋಗಿ ನಕ್ಷಿ ಕೊಯ್ಯುವ ಒಂದು ಗರಗಸದ ಮಷೀನು ತಂದರು. ನಮ್ಮೂರು ನೆಲೋಗಿಯವರೆಗೆ ಬಸ್ಸಿನಲ್ಲಿ ಅದನ್ನು ತೊಡೆಯ ಮೇಲೆ ಕೂಡಿಸಿಕೊಂಡೇ ಬಂದರು. ನಮಗೆ ಒಬ್ಬಳೇ ಮಗಳು, ತಡವಾಗಿ ಹುಟ್ಟಿದವಳು. ಅವಳನ್ನು ಒಂದು ದಿನವೂ ಹಾಗೆ ಕೂಡಿಸಿಕೊಂಡದ್ದನ್ನು ನಾನು ಕಂಡಿಲ್ಲ.

ಆ ಮಷೀನು ನೋಡಲು ಹೊಲಿಗೆ ಮಷೀನಿನ ತಮ್ಮನ ಹಾಗಿತ್ತು. ಸೂಜಿ ಇರುವಲ್ಲಿ ದಾರದಷ್ಟು ತೆಳ್ಳಗಿನ ಗರಗಸದ ಎಲೆ. ಅದು ನಿಂತಲ್ಲೇ ಮೇಲೆ ಕೆಳಗೆ ಕುಣಿಯುತ್ತದೆ, ಕಟ್ಟಿಗೆಯನ್ನೇ ಅದರ ಮುಂದೆ ತಿರುಗಿಸಿ ತಿರುಗಿಸಿ ಕೊಡಬೇಕು. ಕಿಟಕಿಯ ಜಾಲರಿ ಬೇಕೆಂದರೆ ಮೊದಲು ತೂತು ಕೊರೆದು, ಎಲೆ ಬಿಚ್ಚಿ, ತೂತಿನೊಳಗೆ ತೂರಿಸಿ, ಮತ್ತೆ ಬಿಗಿದು ಕೊಯ್ಯಬೇಕು. ಮುಂದಿನ ತೂತಿಗೆ ಮತ್ತೆ ಅಷ್ಟೇ ಕೆಲಸ. ಹೆಬ್ಬೆರಳಿನಷ್ಟಿಲ್ಲದ ಕಿಟಕಿಗೆ ಒಂದು ಇಡೀ ಹೊತ್ತು ಹೋಗುತ್ತಿತ್ತು. ನಡುವೆ ಕರೆಂಟು ಹೋದರೆ ಎಲೆ ಕಟ್ಟಿಗೆಯಲ್ಲಿ ಸಿಕ್ಕಿಕೊಂಡು ನಿಲ್ಲುತ್ತಿತ್ತು. ಇವರೂ ಅದರ ಮುಂದೆ ಹಾಗೇ ನಿಲ್ಲುತ್ತಿದ್ದರು. ಊಟಕ್ಕೆ ಕರೆದರೆ, "ತಡಿಬೇ, ಕಿಟಕಿ ನಡುವ ಅದ," ಎನ್ನುತ್ತಿದ್ದರು. ಮನೆಯ ಯಾವ ಕೆಲಸದ ನಡುವೆಯೂ ಇವರು ಹೀಗೆ ಸಿಕ್ಕಿಕೊಂಡದ್ದಿಲ್ಲ. ಆ ಕಟ್ಟಿಗೆಯ ಹುಡಿ ಮಾತ್ರ ಜೋಳದ ಹಿಟ್ಟಿನಲ್ಲಿ, ಮೊಸರಿನ ಕೆನೆಯ ಮೇಲೆ, ನನ್ನ ತಲೆಯಲ್ಲಿ, ಎಲ್ಲ ಕಡೆ ಬಂತು.

ಕಟ್ಟಲು ಹೊರಟದ್ದು ಒಂದು ವಾಡೆ. ಇವರು ಹುಟ್ಟಿದ್ದು ಆಳಂದ ತಾಲೂಕಿನಲ್ಲಿ, ಮಾದನಹಿಪ್ಪರಗಾದ ಆಚೆಯ ಹಳ್ಳಿಯಲ್ಲಿ. ಅಲ್ಲಿ ಜಮೀನ್ದಾರರದೊಂದು ದೊಡ್ಡ ವಾಡೆ ಇತ್ತಂತೆ. ಆನೆ ಹೋಗುವಂಥ ಬಾಗಿಲು, ಕೆತ್ತಿದ ಕಂಬ, ಜಾಲರಿ ಕಿಟಕಿ. ಹುಡುಗರಿದ್ದಾಗ ಇವರು ಚೆಂಬು ಹಿಡಿದು ಮಜ್ಜಿಗೆಗಾಗಿ ಆ ಬಾಗಿಲಲ್ಲಿ ನಿಲ್ಲುತ್ತಿದ್ದರಂತೆ. ಒಳಗೆ ಯಾರೂ ಬಿಟ್ಟುಕೊಳ್ಳಲಿಲ್ಲ. ಈಗ ವಾಡೆ ಬಿದ್ದು ಅಲ್ಲಿ ಜಾಲಿ ಬೆಳೆದಿದೆ. ಅದನ್ನೇ ಸಣ್ಣದಾಗಿ, ಅಳತೆ ತಪ್ಪದ ಹಾಗೆ ಎಬ್ಬಿಸುತ್ತೇನೆ ಎಂದರು.

"ಒಳಗ ಕಾಲೇ ಇಟ್ಟಿಲ್ಲಲ್ರಿ. ಒಳಗಿಂದು ಹ್ಯಾಂಗ ಮಾಡ್ತೀರಿ?" ಎಂದೆ.

"ಹೊರಗ ನೆಟ್ಟಗ ನೋಡಿದವಗ ಒಳಗ ಏನದ ಅಂತ ತಾನೇ ತಿಳಿತದ," ಎಂದರು.

ನನ್ನ ಜೊತೆ ಮೂವತ್ತೈದು ವರ್ಷ ಬಾಳಿ, ನನಗೆ ಬದನೆಕಾಯಿ ಸೇರುವುದಿಲ್ಲ ಎಂದು ತಿಳಿಯದವರ ಮಾತಿದು.

ವಾಡೆಯ ಕೆಳಗೆ ಹಾಕಲು ಒಂದು ಪ್ಲೈವುಡ್ ಹಲಗೆ ತಂದರು. ಆಳೆತ್ತರ ಉದ್ದ, ಒಳ್ಳೆ ದಪ್ಪ. "ಇದು ನೀರಿಗಿ ಹೆದರೂದಿಲ್ಲ, ಗೆದ್ದಲಿಗಿ ಹೆದರೂದಿಲ್ಲ," ಎಂದು ಬಂದವರಿಗೆಲ್ಲ ಬಡಿದು ತೋರಿಸಿದರು. ಅದರ ಮೇಲೆ ಪೆನ್ಸಿಲಿನಲ್ಲಿ ಗೆರೆ ಹೊಡೆದು, ಇದು ಪಡಸಾಲೆ, ಇದು ದರಬಾರು, ಇದು ಮುತ್ತಿನ ಕೋಣೆ ಎಂದು ಬರೆದರು. ಆ ಹಳ್ಳಿಯಲ್ಲಿ ಯಾರ ಮನೆಯಲ್ಲಿ ಮುತ್ತಿದ್ದವೋ ನನಗೆ ಗೊತ್ತಿಲ್ಲ.

ಆದರೆ ಹಲಗೆ ವಾಡೆಯ ನೆಲಕ್ಕಷ್ಟೇ ಆಯಿತು. ಕಂಬ, ಜಾಲರಿ ಮಾಡಲು ಅದು ನಡೆಯುವುದಿಲ್ಲ, ಅಂಚು ಸಿಬಿರು ಬಿಡುತ್ತದೆ ಎಂದರು. ಅದಕ್ಕೆ ಹಳೆಯ ಸಾಗವಾನಿಯೇ ಆಗಬೇಕು. ಒಂದು ದಿನ ನಾನು ಶೇಂಗಾ ಬಿಡಿಸಲು ಹೋಗಿದ್ದೆ. ಬಂದು ನೋಡಿದರೆ ಹಿತ್ತಲಿನ ಬಚ್ಚಲಿಗೆ ಬಾಗಿಲಿಲ್ಲ. ಆಳಂದ ಕಡೆಯಿಂದ ಬಂದು ಈ ಮನೆ ಕಟ್ಟಿಸಿದ ನನ್ನ ಮಾವ ಹಚ್ಚಿಸಿದ ಸಾಗವಾನಿ ಬಾಗಿಲು ಅದು.

"ಬಾಗಲ ಎಲ್ಲಿ ಹೋತ್ರಿ?"

"ಕೆಳಗ ಕೊಳತಿತ್ತು. ರಿಪೇರಿಗಿ ಜೇವರ್ಗಿಗಿ ಒಯ್ದೀನಿ."

ಮೂರನೆಯ ದಿನ ರಿಪೇರಿಯಾದ ಬಾಗಿಲು ಬಂತು, ಕಂಕುಳಲ್ಲಿ. ಹಪ್ಪಳದ ಹಾಗೆ ತೆಳ್ಳಗೆ ಕೊಯ್ಸಿದ ಪಟ್ಟಿಗಳ ಒಂದು ಕಟ್ಟು. ನಾನು ಬಾಯಿ ತೆರೆಯುವ ಮೊದಲೇ ಇವರು, "ಈ ಕಟಗಿ ಬಂಗಾರ ಅದ ಬಂಗಾರ. ಇಷ್ಟ ದಿನ ಬಚ್ಚಲಕ್ಕ ಹಚ್ಚಿದ್ದೇ ಅನ್ಯಾಯ. ನಿನಗ ಬ್ಯಾರೆ ಬಾಗಲ ನಾನೇ ಮಾಡಿಕೊಡ್ತೇನಿ," ಎಂದರು.

ನಾಳೆ ಎಂದರು. ಅಮಾವಾಸ್ಯೆ ಮುಗಿಯಲಿ ಎಂದರು. ಮುಂದಿನ ಕಂಬ ಆಗಲಿ ಎಂದರು. ನಾನು ಊರಿನ ಬಡಿಗನನ್ನೇ ಕರೆತಂದೆ. "ಕೈಯಾಗ ಮಷೀನ ಇಟಗೊಂಡು ಬಡಿಗ್ಯಾನ ಕರದ್ರ ಮಂದಿ ನಗತಾರ," ಎಂದು ಇವರು ಅವನನ್ನು ವಾಡೆಯ ಮುಂದೆ ಕೂಡಿಸಿದರು. ಅವನು ಜಾಲರಿಯೊಳಗೆ ಕಣ್ಣಿಟ್ಟು, ಬಾಯಿ ಬಿಟ್ಟು, ನನ್ನ ಚಹಾ ಕುಡಿದು, "ಮಾಸ್ತರ ಕೈಯಾಗ ದೇವ್ರ ಅದಾನ್ರಿ," ಎಂದು ಎದ್ದು ಹೋದ. ದೇವರು ಕೈಯಲ್ಲಿದ್ದವರ ಮನೆಯ ಬಚ್ಚಲಿಗೆ ನಾನು ಹರಕು ಸೀರೆ ಕಟ್ಟಿದೆ. ತಗಡು ಹಚ್ಚೋಣ ಎಂದರೆ, ಕಲಾವಿದನ ಮನೆಗೆ ತಗಡಿನ ಬಾಗಿಲು ಶೋಭಿಸುವುದಿಲ್ಲವಂತೆ. ಹರಕು ಸೀರೆ ಶೋಭಿಸುತ್ತಿತ್ತು.

ನಾನು ಮುದುಕಿ, ನಸುಕಿನಲ್ಲಿ ಎದ್ದು ಎರಡು ಚೆಂಬು ಸುರಿದುಕೊಂಡರೆ ಮುಗಿಯಿತು. ನನಗಾಗಿ ನಾನು ಅಷ್ಟು ಗುದ್ದಾಡುತ್ತಿರಲಿಲ್ಲ. ಆದರೆ ಅಫಜಲಪುರಕ್ಕೆ ಕೊಟ್ಟ ಮಗಳಿಗೆ ದಿನ ನಿಂತಿದ್ದವು. ಚೊಚ್ಚಲ ಬಾಣಂತನ ತವರಿನಲ್ಲಿ ಆಗಬೇಕು. ಬಾಣಂತಿ ಎಂದರೆ ಎಣ್ಣೆ ತಿಕ್ಕಿ, ಕುದಿನೀರು ಎರೆದು, ಲೋಬಾನದ ಹೊಗೆ ಹಾಕುವವರೆಗೆ ಮೈಮೇಲೆ ಅರಿವೆಯಿಲ್ಲದೆ ಬಚ್ಚಲಲ್ಲಿ ಕೂತಿರಬೇಕು, ದಿನಾ. ನಮ್ಮ ಬಚ್ಚಲು ಓಣಿಗೆ ಮುಖ ಮಾಡಿದೆ. ಬಾಗಿಲಿಲ್ಲದೆ ಯಾವ ಮುಖ ಇಟ್ಟುಕೊಂಡು ಕರೆಯಲಿ? ಕರೆಯದಿದ್ದರೆ ಬೀಗತಿಯೇ ಬಾಣಂತನ ಮಾಡುತ್ತಾಳೆ. ಬೀಗತಿ ಕೆಟ್ಟವಳಲ್ಲ, ಆದರೆ ತುಪ್ಪ ಬಡಿಸುವಾಗ ಅವಳ ಕೈಗೆ ಏನೋ ಆಗುತ್ತದೆ.

ಇಷ್ಟರಲ್ಲಿ ವಾಡೆಯ ಸುದ್ದಿ ಹಬ್ಬಿತು. ಇಜೇರಿಯಿಂದ ಜನ ಬಂದರು. ಚಪ್ಪಲಿ ಹೊರಗೆ ಬಿಟ್ಟು ಬಂದು ನೋಡಿದರು. ಒಬ್ಬಾಕೆ ಅದಕ್ಕೆ ಹೂವು ಏರಿಸಿ ಕೈಮುಗಿದು, "ಯಾವ ದೇವ್ರದ ಗುಡಿ ಬೇ ಇದು?" ಎಂದು ನನ್ನನ್ನು ಕೇಳಿದಳು. ಇವರು ಕಲಿಸಿದ್ದ ಶಾಲೆಯಲ್ಲಿ ಸನ್ಮಾನವೂ ಆಯಿತು. ಭಾಷಣ ಮಾಡಿದವರು, ನಮ್ಮ ಹಿರಿಯರ ಬಾಳಿನ ರೀತಿಯನ್ನು ಮಾಸ್ತರರು ಉಳಿಸಿಕೊಟ್ಟಿದ್ದಾರೆ ಎಂದರು. ಇವರ ಹಿಂದೆ ಒಬ್ಬ ಹೆಣ್ಣುಮಗಳು ಇದ್ದಾಳೆ ಎಂದೂ ಹೇಳಿ ನನ್ನ ಕಡೆ ಕೈ ತೋರಿಸಿದರು. ಎಲ್ಲರೂ ಚಪ್ಪಾಳೆ ಹೊಡೆದರು. ನಾನು ಇವರಿಗೆ ಹೊದಿಸಿದ ಶಾಲಿನ ಉದ್ದ ನೋಡುತ್ತಿದ್ದೆ. ಮನೆಗೆ ಬಂದವಳೇ ಹರಕು ಸೀರೆ ಬಿಚ್ಚಿ ಸನ್ಮಾನದ ಶಾಲನ್ನು ಬಚ್ಚಲಿಗೆ ಕಟ್ಟಿದೆ.

ಇವರಿಗೆ ಸಿಟ್ಟು ಬಂತು. "ಅದು ಮರ್ಯಾದಿ ಅದಬೇ!"

"ಮರ್ಯಾದಿ ಕಾಯಲಿಕ್ಕೇ ಕಟ್ಟೀನ್ರಿ," ಎಂದೆ.

ಆದರೆ ಸನ್ಮಾನದ ಶಾಲುಗಳು ಎಷ್ಟು ತೆಳ್ಳಗಿರುತ್ತವೆಂದು ಅದನ್ನು ಹೊದ್ದವರಿಗೆ ಗೊತ್ತಾಗುವುದಿಲ್ಲ. ಹಿಂದಿನಿಂದ ಬಿಸಿಲು ಬಿದ್ದಾಗ ಆಚೆ ನಿಂತವರಿಗೆ ಗೊತ್ತಾಗುತ್ತದೆ.

ಒಂದು ಸಂಜೆ ವಾಡೆಯ ಮುಂದೆ ಕೂತು ಮೂಲೆ ಮೂಲೆ ನೋಡಿದೆ. ಪಡಸಾಲೆ ಇದೆ, ದರಬಾರಿದೆ, ಕುದುರೆಗೂ ಕೋಣೆಯಿದೆ.

"ಈ ವಾಡೇದಾಗಿನ ಹೆಂಗಸರು ಎಲ್ಲಿ ಜಳಕ ಮಾಡ್ತಿದ್ರು?" ಎಂದೆ.

ಇವರು ಪೆನ್ಸಿಲು ಕಿವಿಗೆ ಸಿಕ್ಕಿಸಿಕೊಂಡು ವಾಡೆಯನ್ನು ಒಂದು ಸುತ್ತು ಹಾಕಿದರು. ಮಜ್ಜಿಗೆಯ ಬಾಗಿಲಿನಿಂದ ಬಚ್ಚಲು ಕಂಡಿರಲಿಲ್ಲ. ನನಗೆ ಒಳಗೇ ಸಮಾಧಾನವಾಯಿತು. ಈಗಲಾದರೂ ತಿಳಿಯಿತು ಎಂದುಕೊಂಡೆ. ಮರುದಿನ ಮಷೀನು ಬೆಳಗಿನಿಂದ ಕಿರುಗುಟ್ಟಿತು. ನಾಲ್ಕೈದು ದಿನ ಊಟ ಮಾಡಿದ್ದೂ ಅದರ ಪಕ್ಕದಲ್ಲೇ. ಕಡೆಗೆ ನನ್ನನ್ನು ಕರೆದರು. "ಬಾಬೇ, ನೀ ಕೇಳಿದ್ದು ಮಾಡೀನಿ."

ಹೋಗಿ ನೋಡಿದೆ. ವಾಡೆಯ ಹಿಂದುಗಡೆ ಒಂದು ಬಚ್ಚಲು. ಅದಕ್ಕೊಂದು ಬಾಗಿಲು. ಬಾಗಿಲಿಗೆ ಹಿತ್ತಾಳೆ ತಂತಿಯ ಕೊಂಡಿ, ಸಾಸಿವೆಯಷ್ಟು ಮೊಳೆ, ಒಂದು ಚಿಲಕ. ಉಗುರಿನಿಂದ ಸರಿಸಿದರೆ ಚಿಲಕ ಹೋಗಿ ಬರುತ್ತಿತ್ತು.

"ಚೊಲೊ ಆಗ್ಯದ," ಎಂದೆ. ಹೊರಗೆ ಹೋಗಿ ಎಮ್ಮೆಗೆ ನೀರಿಟ್ಟೆ.

ಕುಬಸದ, ಎಂದರೆ ಸೀಮಂತದ ದಿನ ಗೊತ್ತು ಮಾಡಲು ಬೀಗರು ಗಂಡ ಹೆಂಡತಿ ಅಫಜಲಪುರದಿಂದ ಬಂದರು. ಕುಬಸ ಮುಗಿಸಿ, ಬಸುರಿಗೆ ಉಡಿ ತುಂಬಿ ನಾವು ಕರೆತರುವುದು ನಮ್ಮ ಕಡೆಯ ರೀತಿ. ಬೀಗರು ವಾಡೆ ನೋಡಿದವರೇ ಅಲ್ಲಿಂದ ಏಳಲಿಲ್ಲ. ಇಬ್ಬರು ಗಂಡಸರು ನೆಲಕ್ಕೆ ಮೊಣಕಾಲೂರಿ, ಕಿಟಕಿಗೊಬ್ಬರಂತೆ ಕಣ್ಣಿಟ್ಟು, ಇಲ್ಲದ ಜಮೀನ್ದಾರನ ಸಂಸಾರ ನೋಡುತ್ತಿದ್ದರು. ಬೀಗತಿ ಒಂದು ಸಲ ನೋಡಿ, "ಮಸ್ತ್ ಅದ. ಧೂಳ ಯಾರ ಝಾಡಸ್ತಾರ?" ಎಂದಳು. ಅವಳ ಮೇಲೆ ನನಗೆ ಮೊದಲ ಸಲ ಪ್ರೀತಿ ಬಂತು.

"ಬಸ್ಸಿನಾಗ ಮೈಯೆಲ್ಲಾ ಮಣ್ಣಾಗ್ಯದ. ಎರಡು ಚೆಂಬು ಹಾಕ್ಕೊಂಡು ಬರ್ತೇನಿ," ಎಂದು ಅವಳು ಹಿತ್ತಲಿಗೆ ನಡೆದಳು. ನಾನು ತಡೆಯುವಷ್ಟರಲ್ಲಿ ಬಚ್ಚಲೊಳಗೆ ಹೋಗಿಯಾಗಿತ್ತು. ನಾನು ಶಾಲಿನ ಒಂದು ತುದಿ ಹಿಡಿದು ನಿಂತೆ. ಇನ್ನೊಂದು ತುದಿ ಗಾಳಿ ಹಿಡಿಯಿತು. ಆ ಹೊತ್ತಿಗೇ ಓಣಿಯಲ್ಲಿ ಕುರಿ ಹೊಡೆದುಕೊಂಡು ಹೋಗುವವನೊಬ್ಬ ಬಂದ. ಪುಣ್ಯಾತ್ಮ, ಮುಖ ತಿರುಗಿಸಿದ, ಕುರಿಗಳು ತಿರುಗಿಸಲಿಲ್ಲ. ಬೀಗತಿ ಮೈ ತೋಯಿಸದೆ, ಸೀರೆ ಸುತ್ತಿಕೊಂಡು ಹೊರಬಂದಳು.

"ಯವ್ವಾ, ಇಲ್ಲಿ ನನ್ನ ಸೊಸಿ ಹ್ಯಾಂಗ ಎರಕೊಂತಾಳ? ಊರ ಮಂದಿಗೆಲ್ಲಾ ಹೇಳಿಕಿ ಕಳಸೀರೇನು?"

ನಾನು ಶಾಲಿನ ತುದಿಯನ್ನು ಮತ್ತೆ ಕಟ್ಟಿದೆ. ಮಾತು ಕೇಳಿ ಹಿತ್ತಲಿಗೆ ಬಂದ ನಮ್ಮ ಮನೆಯವರಿಗೆ ಮಾತ್ರ ಉತ್ತರ ಹೊಳೆಯಿತು. "ಬಾಗಲದ ಡಿಜೈನ್ ತಯಾರದ್ರಿ ಬೀಗತೀರ. ಬರ್ರಿ, ತೋರಸ್ತೇನಿ," ಎಂದು ಅವಳನ್ನು ವಾಡೆಯ ಹಿಂದುಗಡೆಗೆ ಕರೆದೊಯ್ದು, ಆ ಸಣ್ಣ ಬಚ್ಚಲಿನ ಚಿಲಕ ತೆಗೆದು, ಮತ್ತೆ ಹಾಕಿ ತೋರಿಸಿದರು. ಬೀಗತಿ ಬಾಗಿ, ಕಿರುಬೆರಳಿನಿಂದ ಬಾಗಿಲು ತೆರೆದಳು, ಮುಚ್ಚಿದಳು.

"ಇದರಾಗ ಯಾರು ಎರಕೊಂತಾರ್ರಿ? ಇಲಿ ಬಾಣಂತನ ಮಾಡ್ತೀರೇನು?"

ಬೀಗರು ನಕ್ಕರು. ಹೆಂಡತಿಯ ಮುಖ ನೋಡಿ ನಿಲ್ಲಿಸಿದರು. ಅವಳು ಊಟ ಮಾಡಿದಳು, ಹೋಳಿಗೆಯನ್ನೂ ಬಿಡಲಿಲ್ಲ; ಆದರೆ ಕುಬಸದ ದಿನ ಹೇಳಲಿಲ್ಲ. ಸಂಜೆ ಬಸ್ಸಿಗೆ ಹೊರಟಾಗ ಬಾಗಿಲಲ್ಲಿ ನಿಂತು ನನಗೆ ಹೇಳಿದಳು: "ಸಿಟ್ಟಿಲ್ಲ ನನಗ. ಬಾಗಲ ಹಚ್ಚಿದ ದಿನ ಫೋನ ಮಾಡ್ರಿ, ಕುಬಸದ ದಿನ ಹೇಳ್ತೇನಿ. ಇಲ್ಲಂದ್ರ ಹುಡುಗಿ ನಮ್ಮಲ್ಲೇ ಇರಲಿ. ನಮ್ಮ ಬಚ್ಚಲಕ್ಕ ಬಾಗಲ ಅದ."

ಬಸ್ಸು ಹೋಯಿತು. ಇವರು, "ನೋಡಿದೇನು, ಬೀಗರಿಗಿ ಎಷ್ಟ ಮನಸಿಗಿ ಬಂತು!" ಎಂದರು. ಬಾಗಿಲಿನ ಮಾತು ತೆಗೆದೆ. "ಆತಬೇ, ಈ ವಾಡೇದ ಗಚ್ಚಿ ಮ್ಯಾಲಿನ ಕಟಕಟಿ ಒಂದು ಮುಗೀಲಿ," ಎಂದರು.

ಮರುದಿನ ಬೆಳಿಗ್ಗೆ ಇವರು ದಿನದ ಹಾಗೆ ಬಸ್ ಸ್ಟ್ಯಾಂಡಿಗೆ ಹೋದರು. ಅಲ್ಲಿ ಚಹಾ ಕುಡಿದು, ಪೇಪರು ಓದಿ, ವಾಡೆಯ ವಿಷಯ ನಾಲ್ಕು ಜನರಿಗೆ ಹೇಳಿ ಬರುವಷ್ಟು ಹೊತ್ತು ನನಗೆ ಸಾಕಿತ್ತು. ನೆರೆಮನೆಯ ಇಬ್ಬರು ಹೆಂಗಸರನ್ನು ಕರೆದೆ. ಬೇರೆ ಊರಿಗೆ ಒಯ್ದು ತೋರಿಸಬೇಕಾದೀತೆಂದು ಇವರು ವಾಡೆಯನ್ನು ಹಲಗೆಗೆ ಅಡಿಯಿಂದ ಸ್ಕ್ರೂ ಹಾಕಿ ನಿಲ್ಲಿಸಿದ್ದರು. ಅಷ್ಟು ಒಳ್ಳೆಯ ಬುದ್ಧಿ ಇವರಿಗೆ ಇತ್ತು. ಅವರಿಬ್ಬರೂ ಹಲಗೆಯನ್ನು ಒಂದು ಬದಿಯಿಂದ ಎತ್ತಿ ಹಿಡಿದರು, ನಾನು ಕೆಳಗೆ ಮಲಗಿ ಸ್ಕ್ರೂ ಬಿಚ್ಚಿದೆ. "ಅಕ್ಕಾ, ಮಾಸ್ತರ ಜೀವಾ ತಗೀತಾರ," ಎಂದಳು ಒಬ್ಬಳು. "ತಗೀಲಿ, ಚಿಲಕ ಹಾಕ್ಕೊಂಡು ಒಳಗ ಕುಂದರತೇನಿ," ಎಂದೆ. ಅವಳು ನಗುವ ಭರದಲ್ಲಿ ಕೈ ಸಡಿಲಿಸಿದ್ದಕ್ಕೆ ವಾಡೆಯ ಒಂದು ಕಂಬ ಮುರಿಯಿತು. ಬಾಕಿ ಎಲ್ಲ ನೆಟ್ಟಗೇ ಇತ್ತು. ವಾಡೆಯನ್ನು ಎತ್ತಿ ಇವರು ಮಲಗುವ ಹೊರಸಿನ ಮೇಲೆ ಇಟ್ಟೆವು, ಕೆಳಗೆ ಕೌದಿ ಹಾಸಿ.

ಹಲಗೆ ಬಚ್ಚಲಿನ ಬಾಯಿಗಿಂತ ಬೆರಳಷ್ಟು ಅಗಲವಿತ್ತು. ಬಡಿಗನಿಗೆ ಹೇಳಿ ಕಳಿಸಿದೆ. ಈ ಸಲ ಚಹಾ ಕೊಡಲಿಲ್ಲ. ಅವನು ಅಂಚು ಸವರಿ, ಹಳೆಯ ಚೌಕಟ್ಟಿನ ಬಿಜಾಗರಿಗಳಿಗೇ ಹಲಗೆ ಹಚ್ಚಿ, ಚಿಲಕ ಕೂಡಿಸಿದ. ಪೆನ್ಸಿಲಿನ ಗೆರೆಗಳು ಒಳಮುಖಕ್ಕೆ ಬಂದವು. ಜಳಕ ಮಾಡಲು ಕೂತರೆ ಎದುರಿಗೆ ದರಬಾರು.

ಅಷ್ಟರಲ್ಲಿ ಇವರು ಬಂದರು. ಪಡಸಾಲೆಯಲ್ಲಿ ಕೂಗಾಡಿದ್ದು ಕೇಳಿಸಿತು. ಹಿತ್ತಲಿಗೆ ಬಂದು ಬಾಗಿಲು ನೋಡಿದರು. ಮುಟ್ಟಿದರು. "ಅದಕ್ಕ ನೀರ ಬೀಳ್ತಾವಬೇ," ಎಂದರು, ಧ್ವನಿ ಸಣ್ಣಗೆ ಮಾಡಿ.

"ಅದು ನೀರಿಗಿ ಹೆದರೂದಿಲ್ಲ. ನೀವೇ ಹೇಳೀರಿ," ಎಂದೆ.

ಮಡಚಿಟ್ಟ ಶಾಲನ್ನು ಅವರ ಕೈಗೆ ಕೊಟ್ಟು, ಒಂದು ಬಕೀಟು ಬಿಸಿನೀರು ಮತ್ತು ಫೋನು ತೆಗೆದುಕೊಂಡು ಒಳಗೆ ಹೋಗಿ ಬಾಗಿಲು ಹಾಕಿಕೊಂಡೆ. ಅಫಜಲಪುರಕ್ಕೆ ಫೋನು ಹಚ್ಚಿದೆ.

"ಬಾಗಲ ಹಚ್ಚೀನ್ರಿ ಬೀಗತೀರ."

"ಇಷ್ಟ ಜಲ್ದಿ? ಖರೇನ?"

ನಾನು ಫೋನನ್ನು ಬಾಗಿಲಿನ ಹತ್ತಿರ ಹಿಡಿದು, ಅವಳಿಗೆ ಕೇಳುವ ಹಾಗೆ ಚಿಲಕವನ್ನು ಜೋರಾಗಿ ತೆಗೆದು, ಮತ್ತೆ ಹಾಕಿದೆ. ಅವಳು ಕುಬಸದ ದಿನ ಹೇಳಿದಳು. ಫೋನನ್ನು ಗೋಡೆಯ ಗೂಡಿನಲ್ಲಿಟ್ಟು, ಸೀರೆ ಬಿಚ್ಚಿ, ನೀರು ಆರುವವರೆಗೂ ಜಳಕ ಮಾಡಿದೆ.