ಶನಿವಾರ ನಾವು ಎತ್ತಿಟ್ಟ ಕುರ್ಚಿ

ಆ ಭಾನುವಾರ ಬೆಳಗ್ಗೆ ಚರ್ಚಿಗೆ ಹೋದದ್ದು ಪ್ರಾರ್ಥನೆಗಲ್ಲ. ಹಿಂದಿನ ದಿನ ಅಲ್ಲಿ ಮರೆತಿದ್ದ ಹಾರ್ಮೋನಿಯಂ ತರಲು.

ಬಾಗಿಲು ತೆರೆದಿತ್ತು. ಖಾಲಿ ಹಾಲಿನ ನಡುವೆ ಒಬ್ಬ ಮುದುಕಿ ವಾಕರ್ ಹಿಡಿದು ನಿಂತಿದ್ದರು. ಗೋಡೆಯ ಪಕ್ಕ ಕುರ್ಚಿಗಳು ಒಂದರ ಮೇಲೊಂದು, ನನ್ನ ಎದೆಯೆತ್ತರಕ್ಕೆ.

ಅವರು ರೂತ್. ಈ ಚರ್ಚಿನ ಹಳೆಯ ಸದಸ್ಯೆ, ಎಂಬತ್ತು ದಾಟಿದವರು. ನನ್ನನ್ನು ನೋಡಿ "ಸ್ಯಾಟರ್ಡೇ ಪೀಪಲ್!" ಎಂದು ನಕ್ಕರು.

ಹೌದು, ನಾವು ಶನಿವಾರದವರು. ಅಮೆರಿಕದ ನೆವಾರ್ಕಿನ ಈ ಚರ್ಚಿನಲ್ಲಿ ನಮ್ಮ ಮಕ್ಕಳ ಕನ್ನಡ ಕ್ಲಾಸು ನಡೆಯುತ್ತದೆ. ಉಳಿದ ದಿನ ಬೆಳಗ್ಗೆ ಯೋಗದವರು, ಸಂಜೆ ಕರಾಟೆಯವರು. ಭಾನುವಾರದ ಭಕ್ತರು ಇಪ್ಪತ್ತು ಜನ ಸೇರಿದರೆ ಹೆಚ್ಚು.

ಹೋದ ವರ್ಷ ಚಾವಣಿ ಸೋರತೊಡಗಿದಾಗ, ರಿಪೇರಿಯ ಖರ್ಚಿಗೆಂದು ಚರ್ಚಿನವರು ನೆಲಕ್ಕೆ ಬಿಗಿದಿದ್ದ ಉದ್ದ ಬೆಂಚುಗಳನ್ನೆಲ್ಲ ಕಿತ್ತು ಹಾಲನ್ನು ಬಾಡಿಗೆಗೆ ಕೊಟ್ಟರು. ಈಗ ಸೋರುವುದಿಲ್ಲ.

ನಾನು ಒಂದು ಕುರ್ಚಿ ಇಳಿಸಿ, ಎಲ್ಲಿಡಲಿ ಎಂದು ಕೇಳಿದೆ.

ಸ್ವಲ್ಪ ಎಡಕ್ಕೆ ಎಂದರು. ಇನ್ನೂ ಸ್ವಲ್ಪ... ಶೂ ತುದಿಯಿಂದ ನೆಲ ತಡವಿ, ಮೇಣ ತುಂಬಿ ಮುಚ್ಚಿದ್ದ ಒಂದು ಸ್ಕ್ರೂ ತೂತನ್ನು ಹುಡುಕಿದರು. ಗಂಡನ ಪಕ್ಕ ನಲವತ್ತು ವರ್ಷ ಕೂತ ಬೆಂಚಿನ ಗುರುತು ಅದು.

ಕೂತ ಮೇಲೆ ಮೆಲ್ಲಗೆ ಕೇಳಿದರು: ಒಂದು ನೀಲಿ ಕುಶನ್ ಎಲ್ಲಾದರೂ ಕಂಡಿರಾ?

ಕಂಡಿದ್ದೆ. ಅದನ್ನು ಯಾರೋ ಮರೆತುಹೋದ ಸಾಮಾನೆಂದು ಲಾಸ್ಟ್ ಅಂಡ್ ಫೌಂಡ್ ಡಬ್ಬಕ್ಕೆ ಹಾಕಿದವನು ನಾನೇ. ಒಂದು ಸಲವಲ್ಲ, ಎಷ್ಟೋ ಶನಿವಾರ. ಪ್ರತಿ ಸಲ ಪ್ರಾರ್ಥನೆಗೆ ಬಂದವರು ಯಾರಾದರೂ ಹುಡುಕಿ ತಂದುಕೊಡುತ್ತಿದ್ದರಂತೆ.

ಪ್ರತಿ ಭಾನುವಾರ ಅವರು ತಮ್ಮ ಕುರ್ಚಿಯೊಂದನ್ನು, ಆ ಕುಶನ್ ಸಮೇತ, ಅಲ್ಲೇ ಬಿಟ್ಟು ಹೋಗುತ್ತಿದ್ದರಂತೆ. ಯೋಗದವರು ಅದರ ಸುತ್ತ ಚಾಪೆ ಹಾಸಿಕೊಳ್ಳುತ್ತಾರೆ. ಕರಾಟೆಯವರೂ ಅದನ್ನು ಸುತ್ತಿಕೊಂಡು ಓಡಾಡುತ್ತಾರೆ. ಎತ್ತುವವರು ನಾವು ಮಾತ್ರ.

ನಮಗೆ ದೂರು ಬರಬಾರದು. ಗುಡಿಸುತ್ತೇವೆ, ಒರೆಸುತ್ತೇವೆ, ಚಿತ್ರಾನ್ನದ ವಾಸನೆ ಹೋಗಲೆಂದು ಕಿಟಕಿ ತೆರೆಯುತ್ತೇವೆ. "ನಾವು ಬಂದಿದ್ದೇ ಗೊತ್ತಾಗಬಾರದು" ಎನ್ನುತ್ತಾನೆ ಕ್ಲಾಸಿನ ಉಸ್ತುವಾರಿ ಹೊತ್ತ ಶಶಿ. ಕೊನೆಗೆ ಖಾಲಿ ಹಾಲಿನ ಫೋಟೋ ತೆಗೆದು ಪಾದ್ರಿಗೆ ಕಳಿಸುತ್ತೇವೆ. ನನಗೂ ಆ ಫೋಟೋಗಳ ಬಗ್ಗೆ ಸಣ್ಣ ಹೆಮ್ಮೆ ಇತ್ತು.

ಎಲ್ಲರಿಗಿಂತ ಅರ್ಧ ಗಂಟೆ ಮೊದಲು ಬಂದು ಒಬ್ಬರೇ ಕೂರುವುದು ರೂತ್ ಅವರ ರೂಢಿ. ಸೊಂಟದ ಆಪರೇಷನ್ ಆದ ಮೇಲೆ ಕುರ್ಚಿ ಇಳಿಸಲು ಆಗುವುದಿಲ್ಲ. ಹಾಗಾಗಿ ಆ ಅರ್ಧ ಗಂಟೆ ನಿಂತಿರುತ್ತಿದ್ದರು.

ಯಾಕೆ ಹೇಳಲಿಲ್ಲ ಎಂದೆ.

ನೀವು ಬೇಜಾರಾಗಿ ಬೇರೆ ಜಾಗ ನೋಡಿಕೊಂಡರೆ ಈ ಬಾಗಿಲು ಮುಚ್ಚುತ್ತದೆ, ಎಂದರು. ಬೆಂಚು ತೆಗೆಯೋಣ ಎಂದು ಚರ್ಚಿನ ಸಭೆಯಲ್ಲಿ ಮೊದಲು ಕೈ ಎತ್ತಿದ್ದೂ ತಾವೇ ಅಂತೆ.

ಕುಶನ್ ತಂದುಕೊಟ್ಟೆ. ಏನೋ ತೋಚಿ ಪಕ್ಕದಲ್ಲಿ ಇನ್ನೊಂದು ಕುರ್ಚಿ ಹಾಕಿದೆ. ಅವರು ಅದನ್ನು ಸ್ವಲ್ಪ ಹೊತ್ತು ನೋಡಿದರು. ನಾನು ಹಾರ್ಮೋನಿಯಂ ಎತ್ತಿಕೊಂಡು ಹೊರಟೆ.

ಮುಂದಿನ ಶನಿವಾರ ಕ್ಲಾಸಿನಲ್ಲಿ ವಿಷಯ ತಿಳಿಸಿ, ಆ ಕುರ್ಚಿ ಎತ್ತುವುದು ಬೇಡ ಎಂದೆ. ಶಶಿ ಒಪ್ಪಲಿಲ್ಲ. "ಸರ್, ಚೆಕ್‌ಲಿಸ್ಟಲ್ಲಿ ಆಲ್ ಚೇರ್ಸ್ ಅಂತಿದೆ. ಮಕ್ಳು ಎಡವಿ ಬಿದ್ರೆ?"

ಧಾರವಾಡದಿಂದ ಬಂದಿರುವ ಅವನ ಅತ್ತೆ ಅಲ್ಲೇ ಕೊತ್ತಂಬರಿ ಬಿಡಿಸುತ್ತಿದ್ದರು. "ಅಲ್ರೀ ಶಶಿ, ಪಂಕ್ತಿಯೊಳಗ ಒಬ್ಬರು ಇನ್ನೂ ಉಣ್ಣಾಕತ್ತಾರ, ನೀವು ಅವರ ಎಲಿ ಎತ್ತಿ ನೆಲಾ ಒರಸ್ತೀರೇನು?"

"ಅತ್ತೆ, ಇದು ರೂಲು..."

"ಇರಲಿ ಬಿಡ್ರಿ. ನಿಮ್ಮ ಲಿಸ್ಟಿನ್ಯಾಗ ಆ ಮುದುಕಿ ಕಾಲು ನೋವು ಎಲ್ಲಿ ಬರದೀರಿ, ತೋರಸ್ರಿ ನೋಡೋಣು."

ಶಶಿ ಚೆಕ್‌ಲಿಸ್ಟ್ ಮಡಚಿ ಜೇಬಿಗಿಟ್ಟ. ಅಲ್ಲಿದ್ದ ಮಕ್ಕಳ ತಾಯಂದಿರೆಲ್ಲ ನಕ್ಕರು.

ಅಂದು ಮಕ್ಕಳು ಆ ಕುರ್ಚಿಯ ಸುತ್ತ ಜಮಖಾನೆ ಹಾಸಿ ಕೂತರು. ಒಬ್ಬ ಹುಡುಗಿ ಕೇಳಿದಳು, "ಇಸ್ ಸಮ್‌ಬಡಿ ಸಿಟ್ಟಿಂಗ್ ದೇರ್?"

"ಹೂಂ, ನಾಳೆ ಬರ್ತಾರ" ಎಂದರು ಅತ್ತೆ.

ಸಂಜೆ ಪಾದ್ರಿಗೆ ಹೋದ ಫೋಟೋದಲ್ಲಿ ಹಾಲು ಪೂರ್ತಿ ಖಾಲಿ ಇರಲಿಲ್ಲ. ಮರುದಿನ ರೂತ್ ಬಂದು ಕೂತರೋ ಎಂದು ನೋಡಲು ನಾನು ಹೋಗಲಿಲ್ಲ... ಆ ಅರ್ಧ ಗಂಟೆ ಅವರದು.

ನೀವು ಬಾಡಿಗೆಗೆ ಹಿಡಿದ ಜಾಗದಲ್ಲಿ ಮೊದಲು ಯಾರು ಕೂರುತ್ತಿದ್ದರು, ಎಂದಾದರೂ ವಿಚಾರಿಸಿದ್ದೀರಾ?