ಗಂಟೆ ಬಾರಿಸದ ಶುಕ್ರವಾರ

ಬೆಳಗಿನ ಐದೂವರೆ. ಪೋಲೆಂಡಿನ ವುಚ್ ನಗರದ ಹಳೆಯ ಬಟ್ಟೆ ಗಿರಣಿಯ ಹಿಂದಿನ ಅಂಗಳದಲ್ಲಿ ರೆಗೀನಾ ಕುಬ್ಯಾಕ್ ಪಾರಿವಾಳಗಳನ್ನು ಬೈಯುತ್ತಿದ್ದಾರೆ. ಒಂದು ಕೈಯಲ್ಲಿ ಬಾರ್ಲಿ ಕಾಳಿನ ಡಬ್ಬಿ, ಇನ್ನೊಂದರಲ್ಲಿ ಎಣ್ಣೆಯ ಕುಪ್ಪಿ. ಕಾಳನ್ನು ಅಂಗಳದ ಆಚೆ ತುದಿಯಲ್ಲಿ, ಕಸದ ತೊಟ್ಟಿಗಳ ಹತ್ತಿರ ಚೆಲ್ಲಿದರೆ ಹಕ್ಕಿಗಳು ಸಭಾಂಗಣದ ಗಾಜಿನ ಮಾಡು ಬಿಟ್ಟು ಅತ್ತ ಹಾರುತ್ತವೆ. ಹೊಟ್ಟೆ ತುಂಬಿದ ಮೇಲೆ ತಿರುಗಿ ಬಂದು ಅದೇ ಗಾಜಿನ ಮೇಲೆ ಟಕಟಕ ಓಡಾಡುತ್ತವೆ. "ತಿನ್ನಿಸೋದೂ ನಾನೇ, ಓಡಿಸೋದೂ ನಾನೇ. ಇವಕ್ಕೆ ಕೃತಜ್ಞತೆ ಅನ್ನೋದಿಲ್ಲ, ಹಾಡೋರಿಗೂ ಇಲ್ಲ," ಎಂದು ಗೊಣಗಿಕೊಂಡೇ ಅವರು ಹೆಬ್ಬಾಗಿಲಿನ ಕೀಲುಗಳಿಗೆ ಎಣ್ಣೆ ಬಿಡುತ್ತಾರೆ. ಬಾಗಿಲನ್ನು ತೆರೆದು ಮುಚ್ಚಿ, ಕೀಲಿನ ಮೇಲೆ ಬೆರಳಿಟ್ಟು ಅದರ ನಡುಕ ನೋಡುತ್ತಾರೆ. ಇನ್ನೆರಡು ಹನಿ ಹಾಕುತ್ತಾರೆ.

ಅಂಗಳಕ್ಕೆ ಮುಖ ಮಾಡಿದ ವಸತಿ ಕಟ್ಟಡದ ಎರಡನೇ ಮಹಡಿಯ ಕಿಟಕಿಯಲ್ಲಿ ದೀಪ ಹತ್ತುತ್ತದೆ. ಗಾಜಿನ ಹಿಂದೆ ಎಂಬತ್ತು ದಾಟಿದ ಸ್ಟೆಫಾನ್ಯಾ ವ್ರೋನಾ, ತಲೆಗೆ ಕಪ್ಪು ವಸ್ತ್ರ ಕಟ್ಟಿಕೊಂಡು ನಿಂತಿದ್ದಾರೆ. ರೆಗೀನಾ ಮುಖ ಮೇಲೆತ್ತಿ, ಒಂದಿಷ್ಟೂ ದನಿ ಹೊರಡಿಸದೆ ಬರೀ ತುಟಿ ಆಡಿಸಿ ಕೇಳುತ್ತಾರೆ: ಇವತ್ತು ಜಮಖಾನೆ ಬಡಿಯೋದಿಲ್ಲ ತಾನೆ? ಮೇಲಿನಿಂದ ಉತ್ತರವೂ ತುಟಿಯಲ್ಲೇ ಬರುತ್ತದೆ. ಶುಭ ಶುಕ್ರವಾರದ ದಿನ ಜಮಖಾನೆ ಬಡಿಯುವಷ್ಟು ತಾನು ಕೆಟ್ಟಿಲ್ಲ, ಕೆಟ್ಟಿರುವುದು ಯಾರೆಂದು ಇಡೀ ಅಂಗಳಕ್ಕೆ ಗೊತ್ತು ಎನ್ನುತ್ತಾರೆ ಸ್ಟೆಫಾನ್ಯಾ. ಯೇಸು ಪ್ರಾಣ ಬಿಟ್ಟ ದಿನ ಕಾಲು ಕುಣಿಸುವ ಹಾಡೇ ಎಂದು ಕೇಳುತ್ತಾರೆ. ಕಾಲು ಕುಣಿಸುವ ಹಾಡುಗಳೆಲ್ಲ ಬುಧವಾರವೇ ಮುಗಿದವು, ಇವತ್ತಿನದು ನಿಧಾನದ್ದು, ದುಃಖದ್ದು ಎನ್ನುತ್ತಾರೆ ರೆಗೀನಾ. ಜಗಳ ಜೋರಾಗಿಯೇ ನಡೆಯುತ್ತದೆ. ಮೆಟ್ಟಿಲ ಮೇಲೆ ಮಲಗಿದ ಬೆಕ್ಕಿಗೆ ಎಚ್ಚರವಾಗುವುದಿಲ್ಲ.

ಇಬ್ಬರೂ ಈ ಗಿರಣಿಯಲ್ಲಿ ಮಗ್ಗ ನಡೆಸಿದವರು. ಮಗ್ಗಗಳ ಆರ್ಭಟದಲ್ಲಿ ಪಕ್ಕದವಳು ಕಿವಿಯಲ್ಲಿ ಕೂಗಿದರೂ ಕೇಳುತ್ತಿರಲಿಲ್ಲ. ಹಾಗಾಗಿ ಹೆಂಗಸರು ತುಟಿ ಓದುವುದನ್ನು ಕಲಿತರು. ಗಂಡನ ಕುಡಿತ, ಮಗುವಿನ ಜ್ವರ, ಎದುರಿಗೇ ನಿಂತ ಮೇಸ್ತ್ರಿಯ ಹೊಟ್ಟೆಯ ಗಾತ್ರ, ಎಲ್ಲವೂ ಶೆಡ್ಡಿನ ಈ ತುದಿಯಿಂದ ಆ ತುದಿಗೆ ಹಾಗೇ ದಾಟಿ ಹೋಗುತ್ತಿದ್ದವು. ಹೊಸದಾಗಿ ಸೇರಿದ ಹುಡುಗಿ ರೆಗೀನಾಗೆ ಅದನ್ನು ಕಲಿಸಿದವರೇ ಸ್ಟೆಫಾನ್ಯಾ. ಗಿರಣಿ ಮುಚ್ಚಿ ಎಷ್ಟೋ ಕಾಲವಾಯಿತು. ಮಗ್ಗಗಳನ್ನು ತೂಕಕ್ಕೆ ಹಾಕಿ ಕೊಂಡೊಯ್ದರು. ತುಟಿಯ ಮಾತು ಮಾತ್ರ ಉಳಿದುಕೊಂಡಿದೆ.

ಕಾಗದದ ಮೇಲೆ ರೆಗೀನಾ ಸಭಾಂಗಣದ ಕಾವಲುಗಾರ್ತಿ, ಕಸ ಗುಡಿಸುವವರೂ ಹೌದು. ನಿಜವಾದ ಕೆಲಸ ಬೇರೆ: ಈ ಅಂಗಳವನ್ನು ಸುಮ್ಮನಿರಿಸುವುದು. ಕಾರ್ಮಿಕರ ನೃತ್ಯಕ್ಕೆಂದು ಕಟ್ಟಿದ ಈ ಸಭಾಂಗಣದ ನೆಲವೂ ಮರದ್ದು, ಗೋಡೆಯ ಹಲಗೆಗಳೂ ಮರದವು. ಇಲ್ಲಿ ಹಾಡಿದರೆ ದನಿಗೆ ಬೆಣ್ಣೆ ಸವರಿದಂತಾಗುತ್ತದೆ ಎಂದು ಗಾಯಕಿಯರು ಹೇಳುತ್ತಾರೆ. ಒಂಬತ್ತು ವರ್ಷಗಳಿಂದ ಒಂದು ಸಣ್ಣ ಕಂಪನಿ ಇಲ್ಲಿ ಸ್ವಿಂಗ್ ಹಾಡುಗಳ ಆಲ್ಬಂ ಮಾಡುತ್ತಿದೆ. ಒಂದು ಪಿಯಾನೊ, ಆಳೆತ್ತರದ ಡಬಲ್ ಬೇಸ್, ಡ್ರಮ್, ಒಂದು ಕಂಠ. ಅಜ್ಜ ಅಜ್ಜಿಯರು ಕುಣಿದ ಅದೇ ತೂಗುನಡೆಯ ಜಾಝ್, ಪೋಲಿಶ್ ಮಾತಿನಲ್ಲಿ. ನಾಲ್ವರೂ ಒಂದೇ ಕೋಣೆಯಲ್ಲಿ, ಒಬ್ಬರ ಮುಖ ಒಬ್ಬರು ನೋಡುತ್ತ, ಒಂದೇ ಉಸಿರಿಗೆ ನುಡಿಸುತ್ತಾರೆ. ಹೊರಗಿನ ಸದ್ದು ಒಳಗೆ ಬಂದರೆ ನಾಲ್ವರ ಮೈಕಿಗೂ ಬರುತ್ತದೆ. ಆಮೇಲೆ ಅದನ್ನು ಹೆಕ್ಕಿ ತೆಗೆಯಲಾಗುವುದಿಲ್ಲ.

ಸದ್ದು ಎಲ್ಲಿಂದಾದರೂ ಬರುತ್ತದೆ. ಮೊದಲನೇ ಮಹಡಿಯ ಝೆನೋನ್ ವರ್ಷಗಳಿಂದ ಬಚ್ಚಲುಮನೆ ಸರಿಪಡಿಸುತ್ತಿದ್ದಾನೆ, ಅವನ ಗೋಡೆ ಕೊರೆಯುವ ಯಂತ್ರಕ್ಕೆ ದಣಿವೆಂಬುದಿಲ್ಲ. ಕೊಳಾಯಿಯಲ್ಲಿ ಗಾಳಿ ಸೇರಿಕೊಂಡರೆ ಮನೆಯಿಡೀ ನರಳುತ್ತದೆ. ಝೆನೋನ್‌ಗೆ ಸಂಗೀತದ ಮಹಿಮೆ ಹೇಳಿ ಪ್ರಯೋಜನವಿಲ್ಲ ಎಂದು ರೆಗೀನಾ ಬಲ್ಲರು. ಈಸ್ಟರಿಗೆ ಹೆಂಡತಿ ಬಾಬ್ಕಾ ಕೇಕು ಮಾಡುವಾಗ, ಹಿಟ್ಟು ಉಬ್ಬುವ ಹೊತ್ತಿಗೆ ಬಾಗಿಲು ಧಡಾರೆಂದರೆ ಅದು ಕುಸಿದುಬಿಡುತ್ತದೆಂದು ಮನೆಮಂದಿಯೆಲ್ಲ ಪಿಸುಗುಡುತ್ತಾರಲ್ಲ. ಅದನ್ನೇ ಹಿಡಿದು ಅವನನ್ನು ಕಟ್ಟಿಹಾಕಿದರು. "ಒಳಗೆ ಹಾಡು ಉಬ್ತಾ ಇದೆ ಅಂದ್ಕೊಳ್ಳಿ, ಝೆನೋನ್ ಅವರೇ. ಕುಸಿದ್ರೆ ತಿನ್ನೋರು ಯಾರು?" ಅವನು ಯಂತ್ರ ಕೆಳಗಿಟ್ಟ. ರೆಗೀನಾ ತಮ್ಮ ಮನೆಯ ಬಾಬ್ಕಾದ ಒಂದು ತುಂಡು ಕೊಡಬೇಕು ಎಂಬ ಕರಾರಿನ ಮೇಲೆ.

ಮಾತಿಗೆ ಬಗ್ಗದ್ದು ಒಂದೇ: ಬೀದಿಯಾಚೆಯ ಚರ್ಚಿನ ಗಂಟೆ. ಅದು ಕಾಲು ಗಂಟೆಗೊಮ್ಮೆ ಬಾರಿಸುತ್ತದೆ, ಪ್ರಾರ್ಥನೆಗೆ, ಮದುವೆಗೆ, ಸಾವಿಗೆ ಬೇರೆ ಬಾರಿಸುತ್ತದೆ. ವೇಗದ ಹಾಡಾದರೆ ಎರಡು ಬಡಿತಗಳ ನಡುವೆ ನುಸುಳಿಸಬಹುದು. ನಿಧಾನದ ಹಾಡು ಹಾಗಲ್ಲ. ಗಾಯಕಿಗೆ ಮನಸ್ಸು ಕೂಡುವಷ್ಟರಲ್ಲಿ ಗಂಟೆ ಬಂದಿರುತ್ತದೆ. ಆದರೆ ವರ್ಷಕ್ಕೊಮ್ಮೆ, ಪವಿತ್ರ ಗುರುವಾರದ ಸಂಜೆಯಿಂದ ಶನಿವಾರದ ರಾತ್ರಿವರೆಗೆ ಪೋಲೆಂಡಿನ ಚರ್ಚುಗಳಲ್ಲಿ ಗಂಟೆ ಮುಟ್ಟುವುದಿಲ್ಲ. ಗಂಟೆಯ ಬದಲು ಮರದ ಗಿಲಕಿ ಆಡಿಸುತ್ತಾರೆ, ಅದರ ಸದ್ದು ಚರ್ಚಿನ ಗೋಡೆ ದಾಟುವುದಿಲ್ಲ. ಅದರಲ್ಲೂ ಶುಕ್ರವಾರ ಮಧ್ಯಾಹ್ನ ಮೂರಕ್ಕೆ ಅಂಗಳದ ಜನವೆಲ್ಲ ಪೂಜಾವಿಧಿಗೆ ಹೋಗಿರುತ್ತಾರೆ. ವರ್ಷದಲ್ಲಿ ಅಷ್ಟು ನಿಶ್ಶಬ್ದದ ಗಳಿಗೆ ಇನ್ನೊಂದಿಲ್ಲ. ಇದನ್ನು ಕಂಪನಿಗೆ ಹೇಳಿಕೊಟ್ಟವರು ರೆಗೀನಾ. ಹೇಳಿ ಕೆಟ್ಟೆ ಎಂದು ಅವರಿಗೀಗ ಅನಿಸುತ್ತದೆ. ಅವತ್ತಿನಿಂದ ಒಂದೂ ಶುಭ ಶುಕ್ರವಾರ ಅವರು ಚರ್ಚಿನೊಳಗೆ ಕಾಲಿಟ್ಟಿಲ್ಲ.

ಹೋಗದಿರುವುದು ಅವರಿಗೆ ಸಣ್ಣ ವಿಷಯವಲ್ಲ. ಯೇಸುವಿನ ಯಾತನೆಯ ಕಥನ ಓದುವಾಗ, ಆತ ತಲೆ ಬಾಗಿಸಿ ಪ್ರಾಣಬಿಡುವ ಸಾಲಿಗೆ ಬಂದಾಗ, ಓದು ನಿಲ್ಲುತ್ತದೆ. ತುಂಬಿದ ಚರ್ಚು ಮೊಣಕಾಲೂರುತ್ತದೆ. ಗಿರಣಿ ಮುಚ್ಚಿದ ವರ್ಷ, ಮುಂದೇನೆಂದು ತಿಳಿಯದೆ ಆ ಜನದ ನಡುವೆ ಮಂಡಿಯೂರಿದಾಗ, ಕಿವಿಯೊಳಗೆ ಹಗಲೂ ರಾತ್ರಿ ಓಡುತ್ತಿದ್ದ ಮಗ್ಗ ಒಂದು ಗಳಿಗೆ ನಿಂತಿತ್ತು. ಆ ಗಳಿಗೆಗಾಗಿ ಅವರು ಪ್ರತಿ ವರ್ಷ ಹೋಗುತ್ತಿದ್ದರು. ಈಗ ಹೋಗಲಾಗುತ್ತಿಲ್ಲ ಎಂದು ಪಾದ್ರಿಗೆ ಹೇಳಿಕೊಂಡರೆ ದೇವರಿಗೆ ಅರ್ಥವಾಗುತ್ತದೆ ಎಂಬ ಸಮಾಧಾನ ಸಿಗುತ್ತದೆ. "ದೇವರಿಗೆ ಅರ್ಥ ಆಗತ್ತೆ ಸರಿ. ನನಗೇ ಆಗಿಲ್ಲ," ಎನ್ನುತ್ತಾರೆ ರೆಗೀನಾ.

ಇನ್ನೊಂದು ಸಂಗತಿಯನ್ನು ಅವರು ನಗುತ್ತ ಹೇಳುವುದಿಲ್ಲ, ಅಳುತ್ತಲೂ ಹೇಳುವುದಿಲ್ಲ. ಮಗ್ಗ ಅವರ ಕಿವಿಯ ಅರ್ಧ ತಿಂದಿದೆ. ಮಾತು ಕೇಳುತ್ತದೆ, ಕಂಠ ಕೇಳುತ್ತದೆ, ಬೇಸ್‌ನ ಗುಂಗು ಅಂಗಾಲಿಗೆ ತಾಗುತ್ತದೆ. ನಿಧಾನದ ಹಾಡುಗಳಲ್ಲಿ ಡ್ರಮ್ಮಿನವನು ಕೋಲು ಬಿಟ್ಟು ತಂತಿಯ ಕುಂಚ ಹಿಡಿದು ಚರ್ಮವನ್ನು ಸವರುತ್ತಾನೆ. ಅಂಗಳವನ್ನೆಲ್ಲ ಸುಮ್ಮನಿರಿಸುವುದು ಮುಖ್ಯವಾಗಿ ಆ ಸವರುವ ಸದ್ದಿಗಾಗಿ. ಅದು ರೆಗೀನಾಗೆ ಕೇಳಿಸುವುದಿಲ್ಲ, ಯಾವ ಆಲ್ಬಂನಲ್ಲೂ ಕೇಳಿಸಿಲ್ಲ. ಅವರು ಕಾಯುವುದು ಕಣ್ಣಿನಿಂದ. ಯಾರ ಕೈ ಬಾಗಿಲ ಮೇಲಿದೆ, ಯಾವ ಹಕ್ಕಿ ಯಾವ ಕಡೆ ತಿರುಗಿತು, ಇಷ್ಟನ್ನು ನೋಡುತ್ತಾರೆ.

ಈ ಸಲದ ಗಾಯಕಿ ಇರ್ಮಿನಾ ಝಾಬ್ಸ್ಕಾ. ಐವತ್ತು ದಾಟಿದ ಹೆಂಗಸು, ಮದುವೆ ಮನೆಗಳಲ್ಲಿ ಹಾಡಿ ಬದುಕಿದವರು, ಇದು ಅವರ ಮೊದಲ ಆಲ್ಬಂ. ಹತ್ತು ಹಾಡು ಮುಗಿದಿವೆ, ಉಳಿದಿರುವುದು ಆ ನಿಧಾನದ ಹಾಡೊಂದೇ. ಬೇಸ್‌ನವನು ನಾಳೆ ಬೆಳಗಿನ ರೈಲಿಗೆ ಹೊರಡುತ್ತಾನೆ, ನಾಳೆ ರಾತ್ರಿ ಗಂಟೆ ಮತ್ತೆ ಶುರುವಾಗುತ್ತದೆ. ಹಾಗಾಗಿ ಇವತ್ತು ಆಗಬೇಕು, ಇಲ್ಲದಿದ್ದರೆ ಇಲ್ಲ. ಇದು ಗೊತ್ತಿದ್ದೂ ಇರ್ಮಿನಾ ಅರ್ಧ ಗಂಟೆ ತಡವಾಗಿ ಬರುತ್ತಾರೆ. ಅದೂ ಲೋಹದ ಹಿಮ್ಮಡಿಯ ಚಪ್ಪಲಿ ಮೆಟ್ಟಿಕೊಂಡು. ರೆಗೀನಾ ತಮ್ಮ ಉಣ್ಣೆಯ ಚಪ್ಪಲಿ ಕಳಚಿ ಅವರ ಮುಂದಿಟ್ಟು, ಕಾಲುಚೀಲದಲ್ಲೇ ಹೊರಗೆ ಹೋಗುತ್ತಾರೆ.

ಮೂರು ಗಂಟೆಗೆ ಅಂಗಳ ಖಾಲಿಯಾಗುತ್ತದೆ. ಧ್ವನಿಮುದ್ರಣ ಶುರುವಾಯಿತೆಂದು ಸಭಾಂಗಣದ ಬಾಗಿಲ ಮೇಲಿನ ಕೆಂಪು ದೀಪ ಹತ್ತುತ್ತದೆ. ಎರಡು ನಿಮಿಷವೂ ಆಗಿಲ್ಲ, ಮತ್ತೆ ಆರುತ್ತದೆ. ಧ್ವನಿಮುದ್ರಣದ ಒಲ್ಗ್ಯೆರ್ದ್ ತಲೆ ಹೊರಹಾಕಿ ಹೇಳುತ್ತಾನೆ, "ರೆಗೀನಾ ಅವರೇ, ಹಾಡಿನೊಳಗೆ ಪಾದ್ರಿ ಬಂದಿದಾರೆ."

ರೇಡಿಯೊ. ಎರಡನೇ ಮಹಡಿಯದು. ಸ್ಟೆಫಾನ್ಯಾಗೂ ಮಗ್ಗದ ಕಿವಿಯೇ ಅಲ್ಲವೆ, ಪೂಜಾವಿಧಿಯ ಪ್ರಸಾರ ಕೇಳಲು ಗುಂಡಿಯನ್ನು ಕೊನೆಯವರೆಗೂ ತಿರುಗಿಸಿದ್ದಾರೆ. ಈ ಚಳಿಗಾಲದಲ್ಲಿ ಮೊಣಕಾಲು ಕೈಕೊಟ್ಟ ಮೇಲೆ ಅವರು ಮೆಟ್ಟಿಲಿಳಿದಿಲ್ಲ. ಕಳೆದ ವರ್ಷ ಚರ್ಚಿನ ಮೊದಲ ಸಾಲಿನಲ್ಲಿದ್ದವರು ಈ ವರ್ಷ ಮನೆಯಲ್ಲೇ ಇರುತ್ತಾರೆಂದು ರೆಗೀನಾಗೆ ಹೊಳೆದಿರಲಿಲ್ಲ. ಪಾರಿವಾಳದವರೆಗೆ ಎಲ್ಲ ಲೆಕ್ಕ ಹಾಕಿ ಇದೊಂದನ್ನು ಬಿಟ್ಟ ತಮ್ಮ ಮೇಲೇ ಅವರಿಗೆ ರೇಗಿಹೋಗುತ್ತದೆ.

ಮೇಲೆ ಹತ್ತಿ ಹೋದರೆ ಸ್ಟೆಫಾನ್ಯಾ ಕುರ್ಚಿಯಿಂದ ಏಳುವುದಿಲ್ಲ. ಇವತ್ತು ಹಾಡಿಗಾಗಿ ದೇವರ ಬಾಯಿ ಮುಚ್ಚಿಸಲು ಬಂದೆಯಾ ಎಂದು ಕೇಳುತ್ತಾರೆ. ಪುಸ್ತಕ ಓದಿಕೊಳ್ಳಿ ಎಂದರೆ, ದೂರದ್ದು ಕಾಣುತ್ತದೆ, ಪುಸ್ತಕದ ಅಕ್ಷರ ಇರುವೆ ಸಾಲಿನಂತೆ ಕಾಣುತ್ತದೆ ಎನ್ನುತ್ತಾರೆ. ಕದ ಮುಚ್ಚಿ ದನಿ ತಗ್ಗಿಸಿ ಎಂದರೆ, ತಗ್ಗಿಸಿದರೆ ತನಗೆ ಕೇಳಿಸುವುದಿಲ್ಲವಲ್ಲ ಎನ್ನುತ್ತಾರೆ. ಎಲ್ಲವೂ ನಿಜ. ರೆಗೀನಾ ಗೋಡೆಗೊರಗಿ ನಿಲ್ಲುತ್ತಾರೆ. ಕೆಳಗೆ ಒಬ್ಬ ಹೆಂಗಸು ಮೂವತ್ತು ವರ್ಷ ಕಾದ ಹಾಡು, ಇಲ್ಲಿ ಇನ್ನೊಬ್ಬ ಹೆಂಗಸು ವರ್ಷವಿಡೀ ಕಾದ ಪ್ರಾರ್ಥನೆ. ಯಾರದ್ದನ್ನೂ ಕಸಿಯುವಂತಿಲ್ಲ, ಎರಡರಲ್ಲೂ ತಾನು ಮಾತ್ರ ಇಲ್ಲ. "ನನ್ನನ್ನೂ ಯಾರಾದ್ರೂ ಒಂದು ಮಾತು ಕೇಳ್ಬಾರ್ದಾ?" ಎನ್ನುತ್ತಾರೆ, ಸಿಟ್ಟಿನಲ್ಲಿ. ಸಿಟ್ಟಾದುದರಿಂದಲೋ ಏನೋ, ದನಿ ಹೊರಡದೆ ತುಟಿ ಮಾತ್ರ ಆಡುತ್ತದೆ.

ಸ್ಟೆಫಾನ್ಯಾ ಆ ತುಟಿಗಳನ್ನು ಓದುತ್ತಾರೆ. ಆಮೇಲೆ ಕೈ ಚಾಚಿ ರೇಡಿಯೊ ಆರಿಸಿ, ಪ್ರಾರ್ಥನೆಯ ಪುಸ್ತಕವನ್ನು ರೆಗೀನಾರ ಎದೆಗೆ ಒತ್ತಿ ಹಿಡಿಯುತ್ತಾರೆ. "ನೀನೇ ಓದು ಹಾಗಾದ್ರೆ. ಕೆಳಗೆ ನಿಂತ್ಕೊ, ಬೆಳಕಲ್ಲಿ. ನುಂಗಿ ನುಂಗಿ ಓದ್ಬೇಡ, ಮೊದಲಿಂದ್ಲೂ ನಿನಗೆ ಆ ಚಟ ಇದೆ."

ಕೆಂಪು ದೀಪ ಮತ್ತೆ ಹತ್ತುತ್ತದೆ. ಅಂಗಳದ ನಡುವೆ ನೀಲಿ ಮೇಲಂಗಿಯ ರೆಗೀನಾ ನಿಂತಿದ್ದಾರೆ, ಕಾಲುಚೀಲ ಒದ್ದೆಯಾಗಿದೆ. ಪುಸ್ತಕ ನೋಡುತ್ತಾರೆ, ಮುಖ ಎತ್ತಿ ಒಂದೊಂದೇ ಮಾತನ್ನು ತುಟಿಯಲ್ಲಿ ಬಿಡಿಸಿ ಮೇಲಕ್ಕೆ ಕಳಿಸುತ್ತಾರೆ. ನಡುನಡುವೆ ಒಂದು ಕಣ್ಣು ಪಾರಿವಾಳಗಳ ಮೇಲೆ, ಒಂದು ಹೆಬ್ಬಾಗಿಲ ಮೇಲೆ. ಮುಚ್ಚಿದ ಕಿಟಕಿಯ ಹಿಂದೆ ಕಪ್ಪು ವಸ್ತ್ರದ ತಲೆ ಅಲುಗುವುದಿಲ್ಲ. ಒಮ್ಮೆ ಮಾತ್ರ ಅಲ್ಲಿಂದ ಒಂದು ಬೆರಳು ಏಳುತ್ತದೆ: ಆ ಸಾಲು ಇನ್ನೊಮ್ಮೆ. ಗೋಡೆಯ ಇನ್ನೊಂದು ಕಡೆ ಇರ್ಮಿನಾ ತಾಳಕ್ಕೆ ಒಂದೆಳೆ ಹಿಂದೆ ವಾಲಿಕೊಂಡು, ಅವಸರವಿಲ್ಲದೆ ಹಾಡುತ್ತಿದ್ದಾರೆ.

ದೀಪ ಆರುತ್ತದೆ, ಹತ್ತುತ್ತದೆ, ಮತ್ತೆ ಆರುತ್ತದೆ. ಒಲ್ಗ್ಯೆರ್ದ್ ಬಾಗಿಲು ತೆರೆದು ಎಂದಿನಂತೆ ಇನ್ನೊಂದೇ ಒಂದು ಸಲ ಎಂದು ಕೇಳಲು ಬಾಯಿ ತೆರೆಯುತ್ತಾನೆ. ರೆಗೀನಾ ಅವನತ್ತ ತಿರುಗದೆ ಅಂಗೈ ಎತ್ತುತ್ತಾರೆ. ಒಂಬತ್ತು ವರ್ಷಗಳಲ್ಲಿ ಈ ಅಂಗಳದಲ್ಲಿ ಸುಮ್ಮನಿರು ಅನ್ನಿಸಿಕೊಳ್ಳದವನು ಅವನೊಬ್ಬನೇ. ಅವನು ಅಲ್ಲೇ ನಿಲ್ಲುತ್ತಾನೆ. ಅವನ ಹಿಂದೆ ಉಣ್ಣೆಯ ಚಪ್ಪಲಿಯ ಇರ್ಮಿನಾ ಬಂದು ನಿಲ್ಲುತ್ತಾರೆ. ರೆಗೀನಾರ ತುಟಿಗಳು ಒಂದು ಸಾಲಿನ ಕೊನೆಗೆ ಬಂದು ನಿಲ್ಲುತ್ತವೆ. ಅವರು ಪುಸ್ತಕವನ್ನು ಎದೆಗೊತ್ತಿಕೊಂಡು ಒದ್ದೆ ಕಲ್ಲಿನ ಮೇಲೆ ಮೊಣಕಾಲೂರುತ್ತಾರೆ. ಕಿಟಕಿಯಲ್ಲಿ ಕಪ್ಪು ತಲೆ ಕೆಳಗಿಳಿದು ಮರೆಯಾಗುತ್ತದೆ. ಆ ಮೊಣಕಾಲಲ್ಲಿ ಸ್ಟೆಫಾನ್ಯಾ ಹೇಗೆ ಮಂಡಿಯೂರಿದರೋ ಯಾರಿಗೂ ತಿಳಿಯದು.

ಕಿವಿಯ ಮಗ್ಗ ನಿಂತಿತೇ ಎಂದು ಆಮೇಲೆ ಕೇಳಿದರೆ ರೆಗೀನಾ ಕಾಲುಚೀಲ ಹಿಂಡುತ್ತಾರೆ. ಓದು ಪೂರ್ತಿ ಮುಗಿದ ಮೇಲೆ, ಇನ್ನೊಂದು ಸಲ ಬೇಡ, ಆಗಲೇ ಸರಿಯಾಗಿ ಬಂದಿತ್ತು ಎಂದು ಇರ್ಮಿನಾ ಹೇಳಿದ್ದಕ್ಕಂತೂ ಅವರಿಗೆ ಕೆಂಡದಂಥ ಕೋಪ. ಹಾಗಿದ್ದರೆ ಬಾಗಿಲು ತೆಗೆದದ್ದು ಏಕೆ ಎಂದು ಅವರು ಇವತ್ತಿಗೂ ಕೇಳುತ್ತಾರೆ.

ಆಲ್ಬಂ ಬಂದು ತಿಂಗಳಾಗಿದೆ. ಎರಡನೇ ಮಹಡಿಯಲ್ಲಿ ಇಬ್ಬರೂ ಕೂತು ಕೇಳಿದ್ದಾರೆ, ದನಿ ಕೊನೆಯವರೆಗೂ ತಿರುಗಿಸಿ. ಕುಂಚದ ಸದ್ದು ಇಬ್ಬರಿಗೂ ಕೇಳಿಸಲಿಲ್ಲ. ಹಾಡು ಉದ್ದವಾಯಿತು ಎಂದರಂತೆ ಸ್ಟೆಫಾನ್ಯಾ. ಇನ್ನೊಮ್ಮೆ ಹಾಕು ಎಂದೂ ಅಂದರಂತೆ.

ಕಂಪನಿಯಿಂದ ಏನಾದರೂ ಬೇಕೆ ಎಂದರೆ ರೆಗೀನಾ ಬಾರ್ಲಿ ಡಬ್ಬಿಯ ಮುಚ್ಚಳ ತಿರುಗಿಸುತ್ತ ಯೋಚಿಸುತ್ತಾರೆ.

"ಮುಂದಿನ ವರ್ಷ ಅರ್ಧ ಗಂಟೆ ತಡವಾಗಿ ಶುರು ಮಾಡ್ಲಿ. ಹೇಗೂ ಹಾಡೋರು ತಡವಾಗೇ ಬರ್ತಾರೆ. ಈ ಸಲ ಓಡಿಸ್ಕೊಂಡು ಓದ್ಬಿಟ್ಟೆ. ಎರಡು ಕಡೆ ನುಂಗಿದೆ ಅಂತ ಆ ಯಮ್ಮ ಇನ್ನೂ ಬೈತಾ ಇದಾರೆ."